ಮಗಳಿಗೆ ನಾಯಕ ಬೇಡ, ಖಳನಾಯಕನೇ ಬೇಕು: ಇದು ಚಿಂತೆ ಮಾಡುವ ವಿಷಯವಾ?

ಪ್ರಶ್ನೆ: ನಾವು ಸಿಂಧನೂರಿನವರು. ಮಗಳು ದ್ವಿತೀಯ ಪಿಯುಸಿ. ಓದಿನಲ್ಲಿ ಮುಂದಿದ್ದಾಳೆ, ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಆದರೆ ಒಂದು ವರ್ಷದಿಂದ ಬರೆಯುವುದೆಲ್ಲ ವಿಲನ್‌ಗಳ ಚಿತ್ರವೇ. ಜಪಾನಿನ ಅನಿಮೆಯಲ್ಲಿ, ಅಂದರೆ ಅಲ್ಲಿನ ಕಾರ್ಟೂನ್ ಸರಣಿಯಲ್ಲಿ, ಬರುವ ಒಬ್ಬ ಕೊಲೆಗಾರನ ಮುಖ ಅವಳ ಮೊಬೈಲ್ ವಾಲ್‌ಪೇಪರ್. ಸಿನಿಮಾದಲ್ಲಿ ವಿಲನ್ ಪಾತ್ರ ಮಾಡುವ ಒಬ್ಬ ನಟನ ಹೆಸರಲ್ಲಿ ಫ್ಯಾನ್ ಪೇಜ್ ನಡೆಸುತ್ತಾಳೆ. ಅವನನ್ನು ಯಾರಾದರೂ ಬೈದರೆ ರಾತ್ರಿ ಒಂದು ಗಂಟೆಯವರೆಗೂ ಕಾಮೆಂಟಿನಲ್ಲಿ ಜಗಳ. ನಮ್ಮ ಅತ್ತೆ ‘ಮನೆಯಲ್ಲಿ ರಾಮನ ಫೋಟೊ ಇದೆ, ಈ ಹುಡುಗಿಗೆ ರಾವಣನೇ ಬೇಕಾಯ್ತಾ’ ಅಂತಾರೆ. ಮೇಡಂ, ಇದು ಮನಸ್ಸಿನ ಕಾಯಿಲೆಯಾ? ಮುಂದೆ ಕೆಟ್ಟ ಹುಡುಗರ ಬೆನ್ನು ಹತ್ತುತ್ತಾಳಾ? ಪರೀಕ್ಷೆ ಬರುತ್ತಿದೆ, ಮೊಬೈಲ್ ಕಸಿದುಕೊಳ್ಳಬೇಕಾ?

ಉತ್ತರ: ಅಮ್ಮಾ, ಕಾಯಿಲೆ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ನೆಮ್ಮದಿಯಿಂದ ಓದಬಹುದು. ಬಳ್ಳಾರಿಯಲ್ಲಿ ನನ್ನ ಹತ್ತಿರ ಇದೇ ಪ್ರಶ್ನೆ ಹಿಡಿದು ಬರುವ ಅಪ್ಪ ಅಮ್ಮಂದಿರು ಈಚೆಗೆ ಜಾಸ್ತಿಯಾಗಿದ್ದಾರೆ. ವಿಲನ್ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಯಾವ ಮಗುವಿಗೂ ನಾನು ಚಿಕಿತ್ಸೆ ಶುರು ಮಾಡಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆತುಹೋಗಿವೆ. ಒಂದು, ಕಥೆಯೊಳಗಿನ ಖಳನ ಮೇಲಿನ ಮೋಹ. ಇನ್ನೊಂದು, ಬದುಕಿರುವ ಒಬ್ಬ ನಟನಿಗಾಗಿ ಗೊತ್ತಿಲ್ಲದವರ ಜೊತೆ ರಾತ್ರಿ ಜಗಳ. ಮೊದಲನೆಯದರ ಬಗ್ಗೆ ನನಗೆ ಭಯವಿಲ್ಲ. ಎರಡನೆಯದರ ಬಗ್ಗೆ ಸ್ವಲ್ಪ ಇದೆ.

ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡೋಣ. ಅವರು ಸಣ್ಣವರಿದ್ದಾಗ ಬಯಲಾಟ ನೋಡಿಯೇ ಇರುತ್ತಾರೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ ಅಟ್ಟ ಕಟ್ಟಿ ದೊಡ್ಡಾಟ ಆಡುತ್ತಾರಲ್ವಾ? ಧರ್ಮರಾಯ ಬಂದಾಗ ಜನ ಸುಮ್ಮನೆ ಕೂತು ಕೇಳುತ್ತಾರೆ. ರಾಕ್ಷಸ ಪಾತ್ರ ಬರುವಾಗ ನೋಡಬೇಕು. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಹಿಂದೆ ಗೆಜ್ಜೆ ಸದ್ದು. ಮದ್ದಳೆ ಜೋರಾಗುತ್ತದೆ. ಕಿರೀಟದ ತುದಿಯಷ್ಟೇ ಮೇಲೆ ಕಾಣುತ್ತಿರುತ್ತದೆ. ನಿದ್ದೆಗೆ ಜಾರಿದ ಮಕ್ಕಳನ್ನು ಅವ್ವಂದಿರು ಅಲುಗಾಡಿಸಿ ಎಬ್ಬಿಸುತ್ತಾರೆ. ತೆರೆ ಸರಿದ ಕೂಡಲೇ ಭುಜಕೀರ್ತಿ ಕಟ್ಟಿ, ದಪ್ಪ ಮೀಸೆ ಬರೆದುಕೊಂಡ ಆಸಾಮಿ ಅಟ್ಟ ಅದುರುವ ಹಾಗೆ ಕುಣಿಯುತ್ತಾನೆ. ಸಾರಥಿ ಎದುರು ಬಂದು ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಅವನು ತನ್ನ ಪ್ರತಾಪ ಹೇಳಿಕೊಳ್ಳುವಾಗ ಊರಿಗೆ ಊರೇ ಸಿಳ್ಳೆ ಹೊಡೆಯುತ್ತದೆ. ಮರುದಿನ ಹೊಲದಲ್ಲಿ ಹುಡುಗರ ಬಾಯಲ್ಲಿರುವುದೂ ಅವನ ಮಾತೇ.

ಪೌರಾಣಿಕ ನಾಟಕಗಳಲ್ಲಿ ಶಕುನಿಯನ್ನು ನೆನೆಸಿಕೊಳ್ಳಿ. ಕೈಯಲ್ಲಿ ದಾಳ ಹಿಡಿದು ಅದರ ಜೊತೆಯೇ ಮಾತಾಡುತ್ತ ಬರುತ್ತಾನೆ. ಜನ ಹೇಳಿಕೊಂಡು ಬಂದ ಕಥೆಯಲ್ಲಿ ಅವನ ಅಪ್ಪ, ಅಣ್ಣತಮ್ಮಂದಿರು ಕೌರವರ ಸೆರೆಯಲ್ಲಿ ಹಸಿವಿನಿಂದ ಸಾಯುತ್ತಾರೆ. ಸಿಕ್ಕ ತುತ್ತನ್ನೆಲ್ಲ ಇವನೊಬ್ಬನಿಗೆ ತಿನ್ನಿಸಿ, ಸೇಡು ತೀರಿಸು ಎಂದು ಇವನನ್ನು ಉಳಿಸುತ್ತಾರೆ. ಆ ದಾಳ ಅಪ್ಪನ ಮೂಳೆಯಿಂದ ಮಾಡಿದ್ದು. ವ್ಯಾಸರ ಭಾರತದಲ್ಲಿ ಈ ಕಥೆ ಇಲ್ಲ. ನಮ್ಮ ಜನ ಕಟ್ಟಿಕೊಂಡಿದ್ದು. ಇಷ್ಟೊಂದು ಕೇಡು ಮಾಡಿದವನು ಸುಮ್ಮಸುಮ್ಮನೆ ಮಾಡಿರಲಾರ, ಅವನಿಗೂ ಏನೋ ಆಗಿರಬೇಕು ಅಂತ ಅವರಿಗೆ ಅನ್ನಿಸಿದೆ. ಈಗ ನಿಮ್ಮ ಮಗಳು ನೋಡುವ ಅನಿಮೆಗಳು ಖಳನ ಬಾಲ್ಯವನ್ನು ತೋರಿಸಿ ಕಣ್ಣೀರು ಹಾಕಿಸುತ್ತವಲ್ಲ, ಅದೂ ಇದೇ ಕೆಲಸ.

ನಮ್ಮ ಕವಿಗಳು ಇನ್ನೂ ಮುಂದೆ ಹೋಗಿದ್ದಾರೆ. 941ರಲ್ಲಿ ಪಂಪ ತನ್ನ ಭಾರತದ ಯಾರನ್ನು ಯಾವ ಗುಣಕ್ಕೆ ನೆನೆಯಬೇಕು ಎಂದು ಹೇಳುವಾಗ ಮೊದಲ ಹೆಸರೇ ದುರ್ಯೋಧನನದು, ಛಲಕ್ಕೆ. ರನ್ನನ ದುರ್ಯೋಧನ ಎಲ್ಲ ಕಳೆದುಕೊಂಡು ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ಅಭಿಮನ್ಯುವಿನ ದೇಹ ಕಾಣುತ್ತದೆ. ಶತ್ರುವಿನ ಮಗ. ಆದರೂ ಅವನ ಶೌರ್ಯಕ್ಕೆ ಕೈ ಮುಗಿಯುತ್ತಾನೆ, ತನಗೂ ಇಂಥ ಸಾವು ಬರಲಿ ಅನ್ನುತ್ತಾನೆ. ಆ ಭಾಗ ಓದಿದವರಿಗೆ ದುರ್ಯೋಧನನ ಮೇಲೆ ಪ್ರೀತಿ ಹುಟ್ಟದೆ ಇರುವುದು ಕಷ್ಟ. ಹಾಗಂತ ದ್ರೌಪದಿಯನ್ನು ಸಭೆಗೆ ಎಳೆಸಿದ್ದು ಸರಿ ಅಂತ ಯಾರೂ ಹೇಳಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಕನ್ನಡಿಗರಿಗೆ ಸಾವಿರ ವರ್ಷದ ಅಭ್ಯಾಸ ಇದೆ.

ನಮ್ಮ ನೆಲದ ಮೇಲೂ ಅದರ ಗುರುತು ಇದೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬ ಇದೆ. ಅದು ವಾಲಿಯನ್ನು ಸುಟ್ಟ ಬೂದಿ ಅಂತ ಅಲ್ಲಿನವರ ನಂಬಿಕೆ. ಹೊಸ ಶಿಲಾಯುಗದ ದನಗಾಹಿ ಜನ ಸಗಣಿ ರಾಶಿಗಳನ್ನು ಸುಟ್ಟು ಆದ ದಿಬ್ಬಗಳಿವು ಅಂತ ಪುರಾತತ್ವದವರು ಹೇಳುತ್ತಾರೆ. ಅದು ಬೇರೆ ಮಾತು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ರಾಮನ ಬಾಣಕ್ಕೆ ಸತ್ತವನು, ಅಂಥವನ ಬೂದಿಗೂ ಜನ ಒಂದು ಜಾಗ ಕೊಟ್ಟು ನೆನಪಿಟ್ಟರು ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಇಷ್ಟನ್ನು ಅತ್ತೆಯವರಿಗೆ ಓದಿ ಹೇಳಿ. ಅವರ ಮೊಮ್ಮಗಳು ಮನೆತನ ಬಿಟ್ಟು ಎಲ್ಲಿಗೂ ಹೋಗಿಲ್ಲ.

ಯಾಕೆ ಹೀಗೆ ಅನ್ನುವುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಒಳ್ಳೆಯ ಅಧ್ಯಯನ ಇದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರೆಬೆಕಾ ಕ್ರೌಸ್ ಮತ್ತು ಡೆರೆಕ್ ರಕರ್ 2020ರಲ್ಲಿ ಪ್ರಕಟಿಸಿದ್ದು. ಕಾಲ್ಪನಿಕ ಪಾತ್ರಗಳನ್ನು ಇಷ್ಟಪಡುವವರ ಒಂದು ಜಾಲತಾಣದ ಸುಮಾರು 2,32,500 ಬಳಕೆದಾರರ ಮಾಹಿತಿಯನ್ನು ಅವರು ನೋಡಿದರು. ಜನರಿಗೆ ಇಷ್ಟವಾಗುವ ಖಳರು ಗುಣದಲ್ಲಿ ತಮಗೇ ಹತ್ತಿರ ಇರುವವರು. ನಿಜ ಜೀವನದಲ್ಲಿ ಹಾಗಲ್ಲ. ಕೆಟ್ಟವನೊಬ್ಬ ನಮ್ಮ ಹಾಗೇ ಇದ್ದಾನೆ ಅಂದರೆ ಅವನಿಂದ ದೂರ ಸರಿಯುತ್ತೇವೆ, ಮುಜುಗರ ಆಗುತ್ತದೆ. ಕಥೆ ಅಂದ ಕೂಡಲೇ ಆ ಮುಜುಗರ ಇಳಿಯುತ್ತದೆ. ನಮ್ಮೊಳಗಿನ ಸಿಟ್ಟು, ಹಟ, ಆಸೆಗಳನ್ನು ಅಲ್ಲಿ ಧೈರ್ಯವಾಗಿ ನೋಡಬಹುದು.

ಇದನ್ನು ನಿಮ್ಮ ಮನೆಗೆ ತಂದು ನೋಡಿ. ಪಿಯುಸಿ ಹುಡುಗಿ. ಒಳ್ಳೆಯ ಅಂಕ ತರುತ್ತಾಳೆ. ಎದುರು ಮಾತಾಡಬೇಡ, ಜೋರಾಗಿ ನಗಬೇಡ, ಸಂಜೆ ಹೊರಗೆ ನಿಲ್ಲಬೇಡ ಅಂತ ಕೇಳುತ್ತಲೇ ಬೆಳೆದಿರುತ್ತಾಳೆ. ಪರದೆಯ ಮೇಲೆ ಒಬ್ಬ ಬರುತ್ತಾನೆ. ಯಾರ ಒಪ್ಪಿಗೆಗೂ ಕಾಯಲ್ಲ. ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳುತ್ತಾನೆ. ಯಾರು ಏನಂದುಕೊಳ್ಳುತ್ತಾರೋ ಅನ್ನುವ ಭಯವೇ ಇಲ್ಲ. ಅವಳಿಗೆ ಬೇಕಾಗಿರುವುದು ಅವನ ಕೊಲೆಗಳಲ್ಲ, ಆ ನಿರ್ಭಯ. ನನ್ನ ಹತ್ತಿರ ಬಂದ ಹೆಚ್ಚಿನ ಹುಡುಗಿಯರ ಮಾತು ಕೊನೆಗೆ ಅಲ್ಲಿಗೇ ಬಂದು ನಿಂತಿದೆ. ನಿಮ್ಮ ಮಗಳದ್ದು ಬೇರೆ ಇರಬಹುದು. ಅವಳನ್ನೇ ಕೇಳಿ: ‘ಇವನಲ್ಲಿ ನಿನಗೆ ಏನು ಇಷ್ಟ?’ ತನಿಖೆ ಮಾಡುವ ದನಿಯಲ್ಲಿ ಕೇಳಬೇಡಿ. ಅವಳು ಚಿತ್ರ ಬರೆಯುವಾಗ ಪಕ್ಕದಲ್ಲಿ ಕೂತು ಕೇಳಿ.

ಚಿತ್ರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಿತ್ರ ಬರೆಯುವವರಿಗೆ ಖಳನ ಮುಖದಲ್ಲಿ ಕೆಲಸ ಜಾಸ್ತಿ. ನೆರಳು ಜಾಸ್ತಿ, ಗೆರೆ ಚೂಪು, ಒಂದೇ ಮುಖದಲ್ಲಿ ನಗುವೂ ಬೆದರಿಕೆಯೂ ಇರಬೇಕು. ನಾಯಕನ ಸೌಮ್ಯ ಮುಖದಲ್ಲಿ ಇಷ್ಟು ಆಟಕ್ಕೆ ಜಾಗವಿಲ್ಲ. ತೊಗಲುಗೊಂಬೆ ಮಾಡುವವರು ಹತ್ತು ತಲೆಯ ರಾವಣನಿಗೆ ಎಷ್ಟು ಮನಸ್ಸು ಕೊಟ್ಟಿರುತ್ತಾರೆ ನೋಡಿ. ತೊಗಲು ಹದ ಮಾಡಿ, ಒಂದೊಂದು ಆಭರಣಕ್ಕೂ ಸಣ್ಣ ಸಣ್ಣ ತೂತು ಕೊರೆದು, ಬೆಳಕು ಹಾಯ್ದಾಗ ಮಿನುಗುವ ಹಾಗೆ ಮಾಡುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗೆ 2025ರಲ್ಲಿ ಪದ್ಮಶ್ರೀ ಬಂತು. ಅನಿಮೆ ಬರೆಯುವ ಮಕ್ಕಳಿಗೆ ಆ ಗೊಂಬೆಗಳನ್ನು ತೋರಿಸಬೇಕು ಅಂತ ನನಗೆ ತುಂಬಾ ಆಸೆ. ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಹೋಗಿ. ಮೋರನಾಳ ನಿಮಗೆ ದೂರವೇನಲ್ಲ.

ಈಗ ನನಗೆ ಚಿಂತೆ ಇರುವ ಕಡೆಗೆ ಬರುತ್ತೇನೆ. ಬಯಲಾಟದ ರಾವಣನಿಗೂ ಮೊಬೈಲಿನ ವಿಲನ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ.

ಮಗಳು ನೋಡುವ ಎಡಿಟ್ ಒಂದನ್ನು, ಅಂದರೆ ಅಭಿಮಾನಿಗಳು ದೃಶ್ಯದ ತುಣುಕುಗಳಿಗೆ ಹಾಡು ಜೋಡಿಸಿ ಮಾಡಿದ ಪುಟ್ಟ ವಿಡಿಯೊವನ್ನು, ನೀವೂ ನೋಡಿ. ಹದಿನೈದು ಸೆಕೆಂಡು ಇರುತ್ತದೆ. ಮೊದಲು ಕಣ್ಣು. ಆಮೇಲೆ ಸ್ಲೋ ಮೋಷನ್‌ನಲ್ಲಿ ಹಾರುವ ಕೂದಲು, ಕೋಟಿನ ಅಂಚು. ಬೀಟ್ ಬೀಳುವ ಹೊತ್ತಿಗೆ ಸರಿಯಾಗಿ ತುಟಿಯ ಮೂಲೆಯಲ್ಲಿ ನಗು. ಕೈ ಎತ್ತುತ್ತಾನೆ, ಕಟ್. ಯಾರಿಗೆ ಪೆಟ್ಟು ಬಿತ್ತೋ ಆ ಮುಖ ಇಲ್ಲವೇ ಇಲ್ಲ. ಚೀರಿದ ಸದ್ದಿನ ಜಾಗದಲ್ಲಿ ಹಾಡು ಇದೆ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು. ಎರಡು ಸಲ ನೋಡಿದರೆ ಆ್ಯಪ್ ಅದನ್ನು ಗುರುತು ಹಾಕಿಕೊಂಡು ಅಂಥದ್ದೇ ಇನ್ನೂ ನಾಲ್ಕು ತಂದು ಮುಂದಿಡುತ್ತದೆ.

ಬಯಲಾಟದಲ್ಲಿ ರಾಕ್ಷಸ ಬೆಳಗಿನ ಜಾವದ ಹೊತ್ತಿಗೆ ಸಾಯುತ್ತಾನೆ. ಮಂಗಳ ಹಾಡುತ್ತಾರೆ. ಅವನು ಅಳಿಸಿದವರು ಅತ್ತಿದ್ದನ್ನೂ ಜನ ರಾತ್ರಿಯಿಡೀ ನೋಡಿರುತ್ತಾರೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾಗಿ ಡಾ. ರಾಜ್‌ಕುಮಾರ್ ಅವರನ್ನು ನೋಡಿದವರು ಅವರ ನಡಿಗೆಗೆ, ಅವರ ದನಿಗೆ ಮನಸೋತರು. ಆದರೆ ಎದುರಿಗೆ ಪುಟ್ಟ ಪುನೀತ್ ಪ್ರಹ್ಲಾದನಾಗಿ ನಿಂತಿದ್ದ. ಅಪ್ಪನ ಅಬ್ಬರ ಎಷ್ಟು ಚಂದವಿದ್ದರೂ ಆ ಮಗುವಿನ ಮೇಲಿಂದ ಕಣ್ಣು ತೆಗೆಯಲು ಆಗುತ್ತಿರಲಿಲ್ಲ. ಇಡೀ ಕಥೆ ಖಳನನ್ನು ಪ್ರೀತಿಸಲು ಬಿಡುತ್ತದೆ, ಅವನು ಮಾಡಿದ್ದನ್ನು ಮರೆಯಲು ಬಿಡಲ್ಲ. ತುಂಡು ವಿಡಿಯೊ ಮರೆಸಿಬಿಡುತ್ತದೆ. ನನ್ನ ತಕರಾರು ವಿಲನ್ ಮೇಲೆ ಅಲ್ಲ, ಕಥೆಯಿಂದ ಅವನನ್ನು ಕಿತ್ತು ತೆಗೆಯುವ ಈ ರೀತಿಯ ಮೇಲೆ.

ಅದರ ಜೊತೆ ರೂಪದ ಮಾತೂ ಇದೆ. ಒಬ್ಬರಲ್ಲಿ ಒಂದು ಗುಣ ಚೆನ್ನಾಗಿ ಕಂಡರೆ ಉಳಿದ ಗುಣಗಳೂ ಚೆನ್ನಾಗಿಯೇ ಇರಬೇಕು ಅಂತ ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ್ದರು. ಚೆಂದದ ಮುಖ ಕಂಡರೆ ಒಳಗೆ ಒಳ್ಳೆಯ ಮನಸ್ಸೂ ಇರಬೇಕು ಅಂತ ಅನ್ನಿಸುವುದೂ ಹಾಗೆಯೇ. ಎಡಿಟ್ ಮಾಡುವವರು ತೋರಿಸುವುದು ಚೆಂದವನ್ನು ಮಾತ್ರ.

ಹಾಗಾದರೆ ಕೆಟ್ಟ ಹುಡುಗರ ಬೆನ್ನು ಹತ್ತುತ್ತಾಳಾ ಅನ್ನುವ ನಿಮ್ಮ ಎರಡನೇ ಪ್ರಶ್ನೆ. ವಿಲನ್ ಚಿತ್ರ ಬರೆಯುತ್ತಾಳೆ ಅನ್ನುವುದರಿಂದ ಅದನ್ನು ಹೇಳಲು ಬರುವುದಿಲ್ಲ. ಅವಳ ಮಾತು ಕೇಳಿಸಿಕೊಂಡರೆ ಗೊತ್ತಾಗುತ್ತದೆ. ‘ಅವನಿಗೆ ಚಿಕ್ಕವನಿದ್ದಾಗ ಹಾಗಾಗಿತ್ತು, ಅದಕ್ಕೆ ಹೀಗಾದ’ ಅಂದರೆ ಅವಳು ಕಥೆಯನ್ನು ಅರ್ಥ ಮಾಡಿಕೊಂಡಿದ್ದಾಳೆ. ‘ಅವನಿಗೆ ಹಾಗಾಗಿತ್ತು, ಹೊಡೆದರೆ ತಪ್ಪೇನು’ ಅಂದರೆ ಅಲ್ಲಿ ನೀವು ಮಾತು ಮುಂದುವರಿಸಬೇಕು. ಬೈಯಬೇಡಿ. ಪೆಟ್ಟು ತಿಂದವಳ ಹೆಸರೇನು, ಆಮೇಲೆ ಅವಳ ಕಥೆ ಏನಾಯ್ತು ಅಂತ ಕೇಳಿ. ಎಡಿಟ್ ಅಳಿಸಿ ಹಾಕಿದ ಆ ಮುಖ ಮತ್ತೆ ಅವಳ ಕಣ್ಣಮುಂದೆ ಬರಬೇಕು. ಒಂದು ಭಾನುವಾರ ಆ ಸರಣಿಯನ್ನು ಅವಳ ಜೊತೆ ಕೂತು ನೋಡಿ, ತುಂಡಿನಲ್ಲಲ್ಲ, ಪೂರ್ತಿ ಎಪಿಸೋಡ್. ಅವಳು ನಿಮಗೆ ಹಿಂದಿನ ಕಥೆಯೆಲ್ಲ ವಿವರಿಸಲಿ. ಮಕ್ಕಳಿಗೆ ಅದರಲ್ಲಿ ಬಹಳ ಖುಷಿ ಇರುತ್ತದೆ, ನಮ್ಮ ಸಮಯ ನಾವು ಕೊಡಲ್ಲ ಅಷ್ಟೇ.

ಒಂದು ವಿಷಯಕ್ಕೆ ಮಾತ್ರ ಬಿಗಿಯಾಗಿರಿ. ಹುಡುಗ ಹುಡುಗಿಯನ್ನು ಹಿಂಬಾಲಿಸುವುದು, ಫೋನ್ ಚೆಕ್ ಮಾಡುವುದು, ಕೆನ್ನೆಗೆ ಹೊಡೆದು ಆಮೇಲೆ ಅಪ್ಪಿಕೊಳ್ಳುವುದು, ಇದನ್ನೇ ಪ್ರೀತಿ ಅಂತ ತೋರಿಸುವ ರೀಲ್ಸ್ ಬಹಳ ಇವೆ. ಅಲ್ಲಿ ಖಳನನ್ನು ಖಳ ಅಂತ ಹೇಳುವುದೇ ಇಲ್ಲ, ನಾಯಕ ಅನ್ನುತ್ತಾರೆ. ಖಳ ಅಂತ ಗೊತ್ತಿದ್ದೇ ಇಷ್ಟಪಡುವ ನಿಮ್ಮ ಮಗಳಿಗಿಂತ, ಇಂಥವನನ್ನು ನಾಯಕ ಅಂತ ನಂಬಿದ ಮಕ್ಕಳ ಬಗ್ಗೆ ನನಗೆ ಹೆಚ್ಚು ಕಾಳಜಿ.

ಇನ್ನು ನಟನ ವಿಷಯ. ನಟನನ್ನು ದಿನಾ ನೋಡಿ ನೋಡಿ ಅವನು ನಮ್ಮವನೇ ಅನ್ನಿಸುತ್ತದೆ. ಅವನಿಗೆ ನಾವು ಯಾರೂ ಅಂತ ಗೊತ್ತಿರಲ್ಲ. ಈ ಒಂದು ಕಡೆಯ ಸಂಬಂಧದ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ, ಟೀವಿ ಹೊಸದಾಗಿದ್ದಾಗ ಬರೆದರು. ಅದು ತಪ್ಪೂ ಅಲ್ಲ, ಅಪರೂಪವೂ ಅಲ್ಲ. ಎಲ್ಲಿಯವರೆಗೆ ಸರಿ ಅಂತ ನೋಡಲು 2002ರಲ್ಲಿ ಲಿನ್ ಮೆಕಚನ್ ಮತ್ತು ಜೊತೆಗಾರರು ಒಂದು ಅಳತೆ ಮಾಡಿದರು. ಅದರಲ್ಲಿ ಮೂರು ಹಂತ. ಗೆಳತಿಯರ ಜೊತೆ ಅವನ ಬಗ್ಗೆ ಹರಟುವುದು ಮೊದಲನೆಯದು, ಹೆಚ್ಚಿನವರು ಅಲ್ಲೇ ಇರುತ್ತಾರೆ. ಅವನ ನೋವು ನನ್ನ ನೋವು ಅನ್ನುವುದು ಎರಡನೆಯದು. ಅವನು ಹೇಳಿದರೆ ಕಾನೂನು ಮೀರಲೂ ಸೈ ಅನ್ನುವುದು ಮೂರನೆಯದು. ರಾತ್ರಿ ಒಂದು ಗಂಟೆಗೆ ಜಗಳ ಆಡುವ ಹುಡುಗಿ ಎರಡನೇ ಹಂತದ ಬಾಗಿಲಲ್ಲಿದ್ದಾಳೆ ಅಂತ ನನಗೆ ಅನ್ನಿಸುತ್ತದೆ. ಹೆದರಬೇಡಿ, ಈ ವಯಸ್ಸಿನಲ್ಲಿ ಹತ್ತಿದಷ್ಟೇ ಬೇಗ ಇಳಿಯುತ್ತಾರೆ. ಆದರೆ ನೋಡಿಕೊಂಡಿರಬೇಕು.

2024ರ ಆಗಸ್ಟ್‌ನಲ್ಲಿ ಕೊಲೆ ಪ್ರಕರಣದ ಆರೋಪಿಯಾಗಿದ್ದ ಒಬ್ಬ ನಟನನ್ನು ನಮ್ಮ ಬಳ್ಳಾರಿ ಜೈಲಿಗೆ ತಂದರು. ಜೈಲಿನ ಹೊರಗೆ ಅಭಿಮಾನಿಗಳು ಸೇರಿದರು. ಆರೋಪ ನಿಜವೋ ಅಲ್ಲವೋ ಅದನ್ನು ಕೋರ್ಟ್ ಹೇಳಬೇಕು, ನಾನಲ್ಲ. ನನಗೆ ಸಂಕಟವಾಗಿದ್ದು ಬೇರೆ ಕಾರಣಕ್ಕೆ. ಒಬ್ಬ ಮನುಷ್ಯ ಸತ್ತಿದ್ದ, ಅವನಿಗೂ ಒಂದು ಮನೆ ಇತ್ತು. ಜೈಲಿನ ಮುಂದೆ ಸೇರಿದವರಿಗೆ ಆ ಮನೆ ಕಾಣಲಿಲ್ಲ. ಸಿನಿಮಾದ ಕಣ್ಣಿನಿಂದಲೇ ನಿಜವನ್ನೂ ನೋಡಿದರು. ಇಲ್ಲಿ ತೆರೆ ಹಿಡಿಯುವವರಿಲ್ಲ, ನೀವು ಯಾರು ಅಂತ ಕೇಳುವ ಸಾರಥಿ ಇಲ್ಲ, ಸತ್ತವನು ವೇಷ ಕಳಚಿ ಎದ್ದು ಬರುವುದಿಲ್ಲ. ಖಳನ ಪಾತ್ರಕ್ಕೆ ಕೊಡುವ ರಿಯಾಯಿತಿಯನ್ನು ನಿಜ ಮನುಷ್ಯರಿಗೆ ಕೊಡಬಾರದು. ಇದನ್ನು ಮಗಳ ಜೊತೆ ನೇರವಾಗಿ ಮಾತಾಡಿ, ಅವಳಿಗೆ ಅರ್ಥವಾಗುವ ವಯಸ್ಸು.

ಪಾತ್ರ ಬೇರೆ, ನಟ ಬೇರೆ ಅನ್ನುವುದನ್ನೂ ಹೇಳಿ. ನಮ್ಮ ಬಳ್ಳಾರಿ ರಾಘವ ಅವರು ದುರ್ಯೋಧನ, ಪಠಾಣ್ ರುಸ್ತುಂ ಪಾತ್ರಗಳಿಗೆ ಹೆಸರಾದವರು, ವೃತ್ತಿಯಲ್ಲಿ ವಕೀಲರು. ವಜ್ರಮುನಿಯವರನ್ನು ತೆರೆಯ ಮೇಲೆ ಕಂಡು ಹೆದರಿದವರೇ ಇವತ್ತು ಅವರ ಡೈಲಾಗ್ ಹೇಳಿ ಪ್ರೀತಿಯಿಂದ ನೆನೆಸುತ್ತಾರೆ. ವಿಲನ್ ಪಾತ್ರ ಮಾಡುವವನನ್ನು ಕೆಟ್ಟವನು ಅನ್ನುವುದು ತಪ್ಪು. ಚೆನ್ನಾಗಿ ನಟಿಸುತ್ತಾನೆ, ಅದಕ್ಕೆ ಒಳ್ಳೆಯವನೇ ಇರಬೇಕು ಅಂತ ಪಣತೊಟ್ಟು ಜಗಳಕ್ಕೆ ನಿಲ್ಲುವುದೂ ಅಷ್ಟೇ ತಪ್ಪು. ಅವನ ನಟನೆ ಅವಳಿಗೆ ಗೊತ್ತು. ಅವನು ಗೊತ್ತಿಲ್ಲ.

ಫ್ಯಾನ್ ಗುಂಪುಗಳಲ್ಲಿ ಯಾರಿದ್ದಾರೆ ಅಂತ ಒಮ್ಮೆ ವಿಚಾರಿಸಿ. ಅದೇ ನಟನ ಫೋಟೊ ಹಾಕಿಕೊಂಡವರೆಲ್ಲ ಹದಿನೇಳರ ಹುಡುಗಿಯರಲ್ಲ. ‘ನಿನ್ನ ಚಿತ್ರ ಚೆನ್ನಾಗಿದೆ’ ಅಂತ ಶುರು ಮಾಡಿ ಅವಳ ಫೋಟೊ, ನಂಬರ್, ದುಡ್ಡು ಕೇಳುವವರು ಇರುತ್ತಾರೆ. ಹಾಗೆ ಯಾರಾದರೂ ಕೇಳಿದರೆ, ಬೆದರಿಸಿದರೆ, ‘ಅಮ್ಮ ಬೈಯಲ್ಲ, ನನಗೆ ಹೇಳು’ ಅಂತ ಮೊದಲೇ ಮಾತು ಕೊಟ್ಟಿರಿ, ಹೇಳಿದಾಗ ನಿಜವಾಗಿಯೂ ಬೈಯಬೇಡಿ. ಮಕ್ಕಳಿಗೆ ತೊಂದರೆಯಾದರೆ 1098, ಆನ್‌ಲೈನ್‌ನಲ್ಲಿ ದುಡ್ಡಿನ ಮೋಸವಾದರೆ 1930. ಊಟ ಬಿಟ್ಟಳು, ನಿದ್ದೆ ಇಲ್ಲ, ಗೆಳತಿಯರನ್ನು ದೂರ ಮಾಡಿದಳು, ಅವನಿಗೆ ಏನೋ ಆಯ್ತು ಅಂತ ದಿನಗಟ್ಟಲೆ ಅಳುತ್ತಾಳೆ, ತನಗೆ ತಾನೇ ಗಾಯ ಮಾಡಿಕೊಳ್ಳುವ ಮಾತಾಡುತ್ತಾಳೆ, ಇದರಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊಬೈಲ್ ಕಸಿದುಕೊಳ್ಳಬೇಡಿ. ಕಸಿದುಕೊಂಡರೆ ಗೆಳತಿಯ ಮೊಬೈಲಿನಲ್ಲಿ ಅದೇ ಪೇಜ್ ನಡೆಯುತ್ತದೆ, ನಿಮಗೆ ಗೊತ್ತೂ ಆಗಲ್ಲ. ರಾತ್ರಿ ಹತ್ತೂವರೆಗೆ ಮನೆಯವರೆಲ್ಲರ ಮೊಬೈಲೂ ಹಾಲ್‌ನಲ್ಲಿ ಚಾರ್ಜಿಗೆ ಹೋಗಲಿ, ನಿಮ್ಮದೂ, ಅವರಪ್ಪನದೂ. ಅವಳೊಬ್ಬಳದೇ ಆದರೆ ಅದು ಶಿಕ್ಷೆ, ಎಲ್ಲರದೂ ಆದರೆ ಮನೆಯ ಪದ್ಧತಿ. ಪರೀಕ್ಷೆ ಮುಗಿಯುವವರೆಗೆ ಪೋಸ್ಟ್ ಹಾಕುವುದಿಲ್ಲ ಅಂತ ಪೇಜಿನಲ್ಲಿ ಅವಳೇ ಬರೆಯಲಿ. ತಾನೇ ಹತ್ತು ಜನರ ಮುಂದೆ ಹೇಳಿದ ಮಾತನ್ನು ಮಕ್ಕಳು ಉಳಿಸಿಕೊಳ್ಳುತ್ತಾರೆ, ಜಗಳಕ್ಕೆ ಕರೆಯುವವರಿಗೂ ಅದೇ ಉತ್ತರವಾಗುತ್ತದೆ. ಚಿತ್ರ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಓದಿನ ನಡುವೆ ದಿನಕ್ಕೆ ಅರ್ಧ ಗಂಟೆ ಪೆನ್ಸಿಲ್ ಹಿಡಿಯಲಿ, ಯಾರ ಮುಖ ಬರೆದರೂ ಸರಿ.